ಹೊಟ್ಟೆಯ ಮೇಲೊಂದು ಮಸಿಯ ಗುರುತು

ಮನೆ ಕಟ್ಟಿಸತಕ್ಕವರು ಬಾವಿಗೆ ಎಡೆ ನೋಡುತ್ತಾರೆ. ಒಲೆಗೆ ಮೂಲೆಯನ್ನು ಗೊತ್ತುಮಾಡುತ್ತಾರೆ. ಬಚ್ಚಲಿನ ನೀರು ಯಾವ ಕಡೆಗೆ ಹರಿದುಹೋಗಬೇಕೆಂಬುದನ್ನು ಅಸ್ತಿಭಾರ ಹಾಕುವುದಕ್ಕೆ ಮುಂಚೆಯೇ ತಿಳಿದವರನ್ನು ಕೇಳಿ ನಿಶ್ಚಯಿಸುತ್ತಾರೆ. ಬಚ್ಚಲಿನ ಬಾಯಿ ಒಂದು ಮೊಳದಷ್ಟು ಅತ್ತಿತ್ತಾದರೆ ಆ ಮನೆಯವರು ಅಲ್ಲಿರುವಷ್ಟು ದಿನವೂ ಅದರ ಕಿರುಕುಳವನ್ನು ಅನುಭವಿಸಬೇಕಾಗುವುದೆಂಬುದು ಎಲ್ಲ ಗೃಹಸ್ಥರಿಗೂ ತಿಳಿದ ಮಾತೇ ಆಗಿದೆ. ಆದರೆ ಮನುಷ್ಯನ ದೇಹಕ್ಕೇ ಇಂತಹದೊಂದು ಹೊಸ ದಾರಿಯನ್ನು ಮಾಡಬೇಕಾಗಿ ಬಂದಾಗ, ಅದಕ್ಕೆ ತಕ್ಕ ಎಡೆ ಯಾವುದೆಂದು ಕೇಳುವ ಹಕ್ಕು ರೋಗಿಗೂ ಅವನ ಮನೆಯವರಿಗೂ ಉಂಟೆಂಬುದನ್ನು ಅರಿತವರು ವಿರಳ. ಈ ವಿಷಯವು ನಾಲ್ವರ ಮುಂದೆ ಆಡತಕ್ಕುದಲ್ಲವೆಂದು ಹಲವರ ಭಾವನೆ. ಆಡದೆ ಇರುವುದರಿಂದ ಒದಗುವ ಕಷ್ಟವನ್ನು ನಾವು ಹತ್ತಿರದಿಂದ ಕಂಡಿರುವೆವಾದ್ದರಿಂದ, ಸಂಕೋಚವನ್ನು ಬದಿಗಿಟ್ಟು ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಉದ್ಯುಕ್ತರಾಗಿದ್ದೇವೆ.

ಕರುಳಿನ ರೋಗಗಳಲ್ಲಿ ಕೆಲವು ಬಲಿತಾಗ ಮಲವು ತನ್ನ ಸಹಜವಾದ ದಾರಿಯಿಂದ ಹೊರಬೀಳುವುದು ಸಾಧ್ಯವಿಲ್ಲದೆ ಹೋಗುತ್ತದೆ. ಅಂತಹ ಸಂದರ್ಭದಲ್ಲಿ ಶಸ್ತ್ರವೈದ್ಯರು ಕರುಳಿನ ಒಂದು ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಕ್ಕೆ ತಂದು ಚರ್ಮಕ್ಕೆ ಸೇರಿಸಿ ಹೊಲಿಯುತ್ತಾರೆ. ಇದಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಬಾಯಿ ಎಂದರ್ಥ. ದೊಡ್ಡಕರುಳನ್ನು ಹೊರತಂದರೆ ಕೊಲಾಸ್ಟಮಿಯೆಂದೂ, ಸಣ್ಣಕರುಳನ್ನು ಹೊರತಂದರೆ ಇಲಿಯಾಸ್ಟಮಿಯೆಂದೂ, ಮೂತ್ರಕ್ಕಾಗಿ ದಾರಿ ಮಾಡಿದರೆ ಯೂರಾಸ್ಟಮಿಯೆಂದೂ ಕರೆಯುತ್ತಾರೆ. ಈ ಬಾಯಿಯು ಕೆಂಪಗೆ, ತೇವವಾಗಿ, ನಮ್ಮ ಕೆನ್ನೆಯ ಒಳಭಾಗವನ್ನು ಹೋಲುತ್ತದೆ. ಮುಟ್ಟಿದರೆ ನೋವಿಲ್ಲ. ಆದರೆ ಬಂದದ್ದನ್ನು ತಡೆದು ಹಿಡಿಯುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದ ಅದರ ಸುತ್ತಲಿನ ಚರ್ಮಕ್ಕೆ ಅಂಟುವ ಚೀಲವೊಂದನ್ನು ಸದಾ ಧರಿಸಿರಬೇಕು. ಕೆಲವರಿಗೆ ಇದು ಕೆಲವು ತಿಂಗಳ ಮಾತು. ಕೆಲವರಿಗೆ ಜೀವವಿರುವವರೆಗಿನ ಸಂಗಾತಿ.

ನಮ್ಮ ಊರು ಸುತ್ತೂರು. ಕಪಿಲೆಯ ದಡದಲ್ಲಿ ಶ್ರೀಮಠವಿರುವ ಊರೆಂದರೆ ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಅರಿಯದವರಿಲ್ಲ. ಗದ್ದೆಯ ಕೆಲಸ, ದನಕರು, ಪೂಜೆ, ದಾಸೋಹ, ಪುಷ್ಯಮಾಸದ ಜಾತ್ರೆ—ಇವುಗಳಲ್ಲಿ ನಮ್ಮವರ ವರ್ಷವು ಕಳೆದುಹೋಗುವುದು. ಇವೆಲ್ಲವೂ ಬಾಗಿ, ಕುಕ್ಕರಗಾಲಿನಲ್ಲಿ ಕುಳಿತು, ಚಕ್ಕಳಮಕ್ಕಳ ಹಾಕಿ, ಮಂಡಿಯೂರಿ ಮಾಡತಕ್ಕ ಕೆಲಸಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳುವ ವಿಷಯಕ್ಕೆ ಅದೇ ಮೂಲವಾಗಿದೆ.

ನಮ್ಮ ಅತ್ತಿಗೆಯವರಿಗೆ ಐವತ್ತೆಂಟು ವರ್ಷ ವಯಸ್ಸಾಗಿದ್ದಾಗ ಮಲದೊಡನೆ ರಕ್ತ ಬೀಳಲಾರಂಭಿಸಿತು. ಮೂಲವ್ಯಾಧಿಯಿರಬೇಕೆಂದು ತಾವೇ ನಿಶ್ಚಯಿಸಿಕೊಂಡು, ಯಾರಿಗೂ ಹೇಳದೆ, ಹಲವು ತಿಂಗಳು ಮಜ್ಜಿಗೆ, ಮೆಂತ್ಯಗಳಲ್ಲಿಯೇ ಕಾಲ ಕಳೆದರು. ಮೈ ಇಳಿದು, ನಡೆಯುವಾಗ ಸುಸ್ತಾಗತೊಡಗಿದ ಮೇಲೆ ಅಣ್ಣನವರು ಮೈಸೂರಿಗೆ ಕರೆದುಕೊಂಡುಹೋಗಿ ತೋರಿಸಿದರು. ಗುದನಾಳದ ಕೊನೆಯ ಭಾಗದಲ್ಲಿ ಕ್ಯಾನ್ಸರ್ ಆಗಿರುವುದು ಪರೀಕ್ಷೆಯಿಂದ ತಿಳಿದುಬಂದಿತು. ಬೇರೆ ಕಡೆಗೆ ಹರಡಿರಲಿಲ್ಲ. ಆದರೆ ಗಡ್ಡೆಯು ತೀರ ಕೆಳಗಿದ್ದುದರಿಂದ ಗುದದ್ವಾರವನ್ನೇ ತೆಗೆದು, ಎಡಗಡೆಯ ಹೊಟ್ಟೆಯ ಮೇಲೆ ಶಾಶ್ವತವಾಗಿ ಕೊಲಾಸ್ಟಮಿಯನ್ನು ಮಾಡಬೇಕೆಂದು ವೈದ್ಯರು ತಿಳಿಸಿದರು. ಶಸ್ತ್ರಕ್ರಿಯೆಯಾದರೆ ಗುಣವಾಗುವ ಭರವಸೆಯುಂಟೆಂದೂ, ಆಗದಿದ್ದರೆ ಇಲ್ಲವೆಂದೂ ಮರೆಮಾಜದೆ ಹೇಳಿದರು.

ಅತ್ತಿಗೆಯವರು ಒಪ್ಪಲಿಲ್ಲ. ಅವರು ಹಠಮಾರಿಗಳಲ್ಲ; ಪ್ರಾಣದ ಮೇಲೆ ಬೇಸರವೂ ಇರಲಿಲ್ಲ. ಆದರೆ ಅವರ ಕಣ್ಣ ಮುಂದೆ ಒಂದು ನಿದರ್ಶನವಿದ್ದಿತು. ಹೊಳೆಯಾಚೆಯ ಹಳ್ಳಿಯಲ್ಲಿ ನಮ್ಮ ಬಂಧುಗಳೊಬ್ಬರಿದ್ದಾರೆ, ಬೇಸಾಯಗಾರರು. ಕೆಲವು ವರ್ಷಗಳ ಹಿಂದೆ ಅವರಿಗೆ ಕರುಳು ತೂತಾಗಿ, ಮಧ್ಯರಾತ್ರಿಯಲ್ಲಿ ಆಸ್ಪತ್ರೆಯೊಂದಕ್ಕೆ ಸಾಗಿಸಬೇಕಾಯಿತು. ಗಳಿಗೆ ತಡವಾದರೆ ಪ್ರಾಣ ಹೋಗುವಂತಿದ್ದುದರಿಂದ ವೈದ್ಯರು ಕೂಡಲೇ ಹೊಟ್ಟೆಯನ್ನು ತೆರೆದು, ಕೆಟ್ಟ ಭಾಗವನ್ನು ತೆಗೆದು, ಕರುಳನ್ನು ಹೊರಕ್ಕೆ ತಂದರು. ಪ್ರಾಣವುಳಿಯಿತು. ಆದರೆ ಸ್ಟೋಮಾ ಬಂದ ಎಡೆ ಸೊಂಟದ ಮೂಳೆಗೆ ಹತ್ತಿರವಾಗಿ, ಪಂಚೆಯ ಗಂಟೂ ಉಡಿದಾರವೂ ಬರುವ ಸ್ಥಳದಲ್ಲಿಯೇ ಆಗಿದ್ದಿತು. ಮಲಗಿದ್ದಾಗ ಸಮತಟ್ಟಾಗಿ ಕಾಣುತ್ತಿದ್ದ ಚರ್ಮವು ಅವರು ಕುಳಿತೊಡನೆ ಮಡಿಕೆ ಬೀಳುತ್ತಿತ್ತು. ಮಡಿಕೆಯ ಮೇಲೆ ಅಂಟು ನಿಲ್ಲುವುದೆಂತು? ಚೀಲವು ದಿನಕ್ಕೆರಡು ಸಲ ಬಿಟ್ಟುಕೊಳ್ಳುತ್ತಿತ್ತು. ಸುತ್ತಲಿನ ಚರ್ಮವು ಕೆಂಪಾಗಿ, ಹಸಿಗಾಯವಾಯಿತು. ಹಸಿಗಾಯದ ಮೇಲೆ ಅಂಟು ಮತ್ತಷ್ಟು ನಿಲ್ಲದಾಯಿತು. ಆ ಮನುಷ್ಯರು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟರು. ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟರು. ಕಡೆಗೆ ಮನೆಯೊಳಗೆ ಮಲಗುವುದನ್ನೂ ಬಿಟ್ಟು ಕೊಟ್ಟಿಗೆಯ ಪಡಸಾಲೆಗೆ ಹಾಸಿಗೆಯನ್ನು ಒಯ್ದರು. ಒಂಬತ್ತು ತಿಂಗಳಾದ ಮೇಲೆ ಕರುಳನ್ನು ಪುನಃ ಜೋಡಿಸಿ ಅದನ್ನು ಮುಚ್ಚಿದರೆಂಬುದು ಅವರ ಪುಣ್ಯ. ಅಂದಿನ ರಾತ್ರಿ ಪ್ರಾಣವನ್ನುಳಿಸಿದ ವೈದ್ಯರನ್ನು ಅವರಾಗಲಿ ನಾವಾಗಲಿ ದೂರುವುದಿಲ್ಲ. ಮನೆ ಹೊತ್ತಿ ಉರಿಯುವಾಗ ಬಾಗಿಲಿನ ಅಂದವನ್ನು ಯಾರು ನೋಡುತ್ತಾರೆ?

ಆದರೆ ಅತ್ತಿಗೆಯವರು ನೋಡಿದುದು ಆ ಒಂಬತ್ತು ತಿಂಗಳುಗಳನ್ನು. ಅವರು ಅಣ್ಣನವರಿಗೆ, "ಅವರಂಗೆ ಕೊಟ್ಟಿಗೇಲಿ ಮಲಗೋ ಬಾಳು ನನಗೆ ಬ್ಯಾಡ. ಇರೋವಷ್ಟು ದಿವಸ ಮಕ್ಕಳ ಜೊತೇಲಿ ಉಂಡು ಹೋಯ್ತೀನಿ" ಎಂದುಬಿಟ್ಟರು. ಇದಲ್ಲದೆ ಇನ್ನೊಂದು ಸಂಕಟವೂ ಅವರ ಮನಸ್ಸಿನಲ್ಲಿದ್ದಿತು. ಪ್ರತಿದಿನವೂ ಲಿಂಗಪೂಜೆಯನ್ನು ಮಾಡದೆ ಬಾಯಿಗೆ ನೀರು ಹಾಕದವರು ಅವರು. ಹೊಟ್ಟೆಯ ಮೇಲೆ ಮಲದ ಚೀಲವನ್ನು ಕಟ್ಟಿಕೊಂಡು ಪೂಜೆಗೆ ಕೂರುವುದು ಹೇಗೆ? ಅಣ್ಣನವರು ಹೆಚ್ಚು ಓದಿದವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರ ಹೊಟ್ಟೇಲೂ ಇರೋದು ಅದೇ ಕಣೆ. ನಿಂದು ಚೀಲದಲ್ಲಿ ಕಂಡದೆ, ನಮ್ಮದು ಕಾಣಾಕಿಲ್ಲ, ಅಷ್ಟೆ" ಎಂದರು. ಈ ಮಾತಿಗೆ ಅತ್ತಿಗೆಯವರು ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ. ಆದರೆ, "ಆಸ್ಪತ್ರೇಲಿ ಕೇಳಿ ನೋಡಾನ" ಎಂಬಷ್ಟಕ್ಕೆ ಬಂದರು.

ಆಸ್ಪತ್ರೆಯಲ್ಲಿ ಸ್ಟೋಮಾದ ಆರೈಕೆಯಲ್ಲಿ ತರಬೇತಾದ ದಾದಿಯೊಬ್ಬರಿದ್ದರು. ಶಸ್ತ್ರಕ್ರಿಯೆಗೆ ಎರಡು ದಿನ ಮುಂಚಿತವಾಗಿ ಅವರು ಅತ್ತಿಗೆಯವರನ್ನು ಒಂದು ಕೋಣೆಗೆ ಕರೆದು, ಜೊತೆಗೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳನ್ನೂ ಕೂರಿಸಿಕೊಂಡರು. ಅಲ್ಲಿ ನಡೆದುದನ್ನು ಆ ಹುಡುಗಿ ನಮಗೆ ವಿವರವಾಗಿ ಹೇಳಿದಳು. ಮೊದಲು ಮಲಗಿಸಿ, "ಅಮ್ಮ, ತಲೆಯನ್ನು ಸ್ವಲ್ಪ ಎತ್ತಿ, ಕೆಮ್ಮಿ" ಎಂದರಂತೆ. ಹಾಗೆ ಮಾಡಿದಾಗ ಹೊಟ್ಟೆಯ ನಡುವೆ ಮೇಲಿನಿಂದ ಕೆಳಗಿನವರೆಗೆ ಇಳಿದಿರುವ ಉದ್ದನೆಯ ಮಾಂಸಖಂಡವು ಬಿಗಿದು, ಅದರ ಅಂಚು ಬೆರಳಿಗೆ ಸಿಕ್ಕುತ್ತದೆ. ಸ್ಟೋಮಾವು ಈ ಮಾಂಸಖಂಡದೊಳಗಿನಿಂದ ಬರಬೇಕೆಂದು ಶಸ್ತ್ರವೈದ್ಯರ ಮತ. ಅದರ ಹೊರಗೆ ಬಂದರೆ ಮುಂದೆ ಕರುಳು ಉಬ್ಬಿ ಅಂಡವಾಯುವಿನಂತೆ ಗಂಟಾಗುವ ಸಂಭವ ಹೆಚ್ಚೆಂದು ಹೇಳುತ್ತಾರೆ. ಬಳಿಕ ಹೊಕ್ಕುಳು, ಸೊಂಟದ ಮೂಳೆಯ ಮುಂದಣ ತುದಿ, ಕೆಳಗಿನ ಗುಹ್ಯಾಸ್ಥಿ—ಈ ಮೂರನ್ನು ಕೂಡಿಸಿ ಬೆರಳಿನಿಂದ ಒಂದು ತ್ರಿಕೋಣವನ್ನು ತೋರಿಸಿ, "ಸಾಮಾನ್ಯವಾಗಿ ಇದರ ನಡುವೆ ಗುರುತು ಹಾಕುತ್ತೇವೆ. ಆದರೆ ನೀವು ಎದ್ದು ಕುಳಿತ ಮೇಲೆ ನೋಡೋಣ" ಎಂದರಂತೆ.

ಎದ್ದು ಕುಳಿತಾಗ ವಿಷಯವು ಬೇರೆಯಾಯಿತು. ನಾಲ್ಕು ಮಕ್ಕಳನ್ನು ಹೆತ್ತ ಹೊಟ್ಟೆ. ಹೊಕ್ಕುಳಿನ ಕೆಳಗೆ ಒಂದು ಆಳವಾದ ಮಡಿಕೆ ಬಿದ್ದಿತು. ಮಲಗಿದ್ದಾಗ ಹಾಕಿದ ಗುರುತು ಆ ಮಡಿಕೆಯೊಳಗೆ ಅಡಗಿಹೋಯಿತು. ನಿಂತು ನೋಡಿದರೆ ಉಬ್ಬಿದ ಹೊಟ್ಟೆಯ ಕೆಳಮೈಯಲ್ಲಿದ್ದ ಅದು ಅತ್ತಿಗೆಯವರ ಕಣ್ಣಿಗೇ ಕಾಣುತ್ತಿರಲಿಲ್ಲ. ತನ್ನ ಕಣ್ಣಿಗೆ ಕಾಣದ ಎಡೆಗೆ ತಾನೇ ಚೀಲವನ್ನು ಅಂಟಿಸುವುದು ಹೇಗೆ? ಹಾಗಾದರೆ ಪ್ರತಿಸಲವೂ ಮಗಳನ್ನೋ ಸೊಸೆಯನ್ನೋ ಕರೆಯಬೇಕಾದ ಪರಾಧೀನತೆಯಲ್ಲವೆ?

ದಾದಿಯು ಅಷ್ಟಕ್ಕೆ ನಿಲ್ಲಿಸಲಿಲ್ಲ. "ಮಂಚದ ಮೇಲಲ್ಲ ಅಮ್ಮ, ಮನೆಯಲ್ಲಿ ಕೂರುವಂತೆ ನೆಲದ ಮೇಲೆ ಕೂತುಕೊಳ್ಳಿ" ಎಂದರು. ಊಟಕ್ಕೆ ಕೂರುವಂತೆ ಚಕ್ಕಳಮಕ್ಕಳ ಹಾಕಿಸಿದರು. ಪಾತ್ರೆ ಬೆಳಗುವಂತೆ ಕುಕ್ಕರಗಾಲಿನಲ್ಲಿ ಕೂರಿಸಿದರು. ನಾಟಿ ಹಾಕುವಂತೆ ಬಾಗಿಸಿದರು. "ಮಠದಲ್ಲಿ ನಮಸ್ಕಾರ ಹೇಗೆ ಮಾಡುತ್ತೀರಿ, ತೋರಿಸಿ" ಎಂದು ಮಂಡಿಯೂರಿಸಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ದಿನವೂ ಉಡುವ ಸೀರೆಯನ್ನೇ ದಿನವೂ ಉಡುವ ಹಾಗೆ ಉಡಿಸಿ, ಒಳಲಂಗದ ಲಾಡಿ ಎಲ್ಲಿ ಬರುತ್ತದೆಂದು ಮಸಿಯಿಂದ ಗೆರೆ ಎಳೆದರು. ಕಡೆಗೆ, "ಬಿಂದಿಗೆ ಹೊರುವುದು ಯಾವ ಸೊಂಟದ ಮೇಲೆ?" ಎಂದು ಕೇಳಿದರು. "ಎಡಗಡೇಲೇ ಮಡೀಕತ್ತೀನಿ ಕಣವ್ವ. ಮೊಮ್ಮಗೀನೂ ಅದೇ ಕಡೆ" ಎಂದು ಅತ್ತಿಗೆಯವರು ಉತ್ತರ ಕೊಟ್ಟರು. ಶಸ್ತ್ರಕ್ರಿಯೆಯಾದ ಮೇಲೆ ಕೆಲವು ತಿಂಗಳು ಭಾರವನ್ನು ಎತ್ತಲೇಕೂಡದೆಂದೂ, ಆಮೇಲೆಯೂ ತುಂಬಿದ ಬಿಂದಿಗೆಯನ್ನು ಬಿಡುವುದು ಮೇಲೆಂದೂ, ಮೊಮ್ಮಗುವನ್ನು ಬಲಗಡೆಗೆ ಅಭ್ಯಾಸಮಾಡಿಕೊಳ್ಳಬಹುದೆಂದೂ ದಾದಿ ತಿಳಿಯ ಹೇಳಿದರು.

ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ನಿಶ್ಚಯವಾದ ಎಡೆಯು ಎಡಭಾಗದಲ್ಲಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಮಡಿಕೆಗೂ ಪಕ್ಕೆಲುಬಿಗೂ ದೂರವಾಗಿ, ಲಾಡಿಯ ಗೆರೆಗೆ ಮೇಲ್ಗಡೆಯಲ್ಲಿದ್ದಿತು. ಅದರ ಸುತ್ತಲೂ ಎರಡಂಗುಲದಷ್ಟು ಚರ್ಮವು ಕುಳಿತರೂ ನಿಂತರೂ ಬಾಗಿದರೂ ಸಮತಟ್ಟಾಗಿರುತ್ತಿತ್ತು. ಚೀಲವು ಸೆರಗಿನ ಮರೆಯಲ್ಲಿ ಇಳಿಬೀಳುವುದು. ಅತ್ತಿಗೆಯವರಿಗೆ ತಲೆ ತಗ್ಗಿಸಿದರೆ ಕಾಣುವುದು. ಇದಲ್ಲದೆ ಇನ್ನೊಂದು ಗುರುತನ್ನೂ ಹಾಕಿದರು; ಏಕೆಂದರೆ ಹೊಟ್ಟೆಯನ್ನು ತೆರೆದ ಮೇಲೆ ಕರುಳು ಮೊದಲನೆಯ ಎಡೆಗೆ ಎಟುಕದೆ ಹೋಗಬಹುದು. ಆ ಮಸಿಯು ಸ್ನಾನದಲ್ಲಿ ಅಳಿಯದಂತೆ ಅದರ ಮೇಲೆ ತೆಳುವಾದ ಪಾರದರ್ಶಕ ಪಟ್ಟಿಯನ್ನು ಅಂಟಿಸಿದರು. ನೀರು ತುಂಬಿದ ಚೀಲವೊಂದನ್ನು ಗುರುತಿನ ಮೇಲೆ ಅಂಟಿಸಿ, ಒಂದು ರಾತ್ರಿ ಹಾಗೆಯೇ ಇರಲು ಹೇಳಿದರು.

ಅಂದಿನ ಸಂಜೆ ಅತ್ತಿಗೆಯವರು ಆ ಚೀಲದೊಡನೆಯೇ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿ, ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕುಳಿತರು. ಕರಡಿಗೆಯು ಎದೆಯ ಮೇಲೆ ಎಂದಿನಂತೆ ಇದ್ದಿತು, ಶಿವದಾರವು ಚೀಲಕ್ಕೆ ತಾಕಲಿಲ್ಲ, ಮೊಣಕೈಯೂ ತಾಕಲಿಲ್ಲ. ಪೂಜೆ ಮುಗಿದ ಮೇಲೆ ಅವರು, "ನಾಳಿದ್ದು ಎಷ್ಟೊತ್ತಿಗೆ ಕರಕೊಂಡು ಹೋದಾರು?" ಎಂದು ಕೇಳಿದರು. ಅದೇ ಅವರ ಸಮ್ಮತಿ. ವೈದ್ಯರ ಯುಕ್ತಿಗಳೂ ಅಣ್ಣನವರ ಮಾತೂ ಅವರ ಮನಸ್ಸನ್ನು ಅರ್ಧ ದಾರಿಗೆ ತಂದಿದ್ದುವು. ಉಳಿದ ಅರ್ಧವನ್ನು ನಡೆಯಿಸಿದುದು, ತನ್ನ ಬಾಳುವೆ ಹೇಗೆಂದು ಒಬ್ಬರು ತನ್ನನ್ನೇ ಕೇಳಿದರೆಂಬುದು.

ಇಷ್ಟು ಸಣ್ಣ ಗುರುತಿಗೆ ಇಷ್ಟು ಪ್ರಾಮುಖ್ಯವು ಬರುವುದಕ್ಕೆ ಬಹುಕಾಲ ಹಿಡಿದಿದೆ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಪಟ್ಟಣದಲ್ಲಿ ಡ್ಯುರೆ ಎಂಬ ಶಸ್ತ್ರವೈದ್ಯರು ಗುದದ್ವಾರವಿಲ್ಲದೆ ಹುಟ್ಟಿದ ಹಸುಳೆಯೊಂದಕ್ಕೆ ಎಡಗಡೆಯಲ್ಲಿ ಕೊಲಾಸ್ಟಮಿಯನ್ನು ಮಾಡಿದರು. ಆ ಶಿಶುವು ಬೆಳೆದು ನಾಲ್ವತ್ತೈದು ವರ್ಷ ಬಾಳಿತು. ಆದರೆ ಅನಂತರವೂ ಒಂದೂವರೆ ಶತಮಾನದವರೆಗೆ ಅಂಟುವ ಚೀಲವೆಂಬುದೇ ಸರಿಯಾಗಿ ಇರಲಿಲ್ಲ. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ರೂಕ್ ಎಂಬವರು ಸಣ್ಣಕರುಳಿನ ತುದಿಯನ್ನು ತೋಳಿನ ಅಂಚಿನಂತೆ ಹೊರಮಗುಚಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಇದರಿಂದ ಚರ್ಮವನ್ನು ಸುಡುವ ದ್ರವವು ಚರ್ಮಕ್ಕೆ ತಾಕದೆ ನೇರವಾಗಿ ಚೀಲಕ್ಕೆ ಬೀಳುವಂತಾಯಿತು. 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೊರೆನ್‌ಸೆನ್ ಎಂಬ ದಾದಿಯು, ಕೊಲಾಸ್ಟಮಿಯಾದ ತನ್ನ ತಂಗಿಯು ಮನೆಯಿಂದ ಹೊರಬರಲು ಹೆದರುತ್ತಿದ್ದುದನ್ನು ನೋಡಲಾರದೆ, ಅಂಟುಳ್ಳ ಚೀಲವನ್ನು ಯೋಚಿಸಿದಳು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಟರ್ನ್‌ಬುಲ್ ಎಂಬ ವೈದ್ಯರು, ತಮ್ಮಿಂದಲೇ ಇಲಿಯಾಸ್ಟಮಿ ಮಾಡಿಸಿಕೊಂಡಿದ್ದ ನಾರ್ಮಾ ಗಿಲ್ ಎಂಬಾಕೆಯನ್ನು 1958ರಲ್ಲಿ ಇಂತಹ ರೋಗಿಗಳ ಆರೈಕೆಗೆಂದೇ ನೇಮಿಸಿಕೊಂಡರು. ಸ್ಟೋಮಾ ದಾದಿಯೆಂಬ ವೃತ್ತಿಯು ಅಲ್ಲಿಂದ ಮೊದಲಾಯಿತು. ಆ ಕಾಲದಲ್ಲಿ ಚರ್ಮವನ್ನು ಕಾಪಾಡಲು ಅವರು ಬಳಸಿದ ಕರಾಯ ಅಂಟು ನಮ್ಮ ಇಂಡಿಯಾದ ಕಾಡುಮರದ ಅಂಟೇ ಎಂಬುದನ್ನು ಕೇಳಿದರೆ ವಾಚಕರಿಗೆ ಸಂತೋಷವಾಗದೆ ಇರದು. 2007ರಲ್ಲಿ ಅಮೆರಿಕದ ದೊಡ್ಡಕರುಳಿನ ಶಸ್ತ್ರವೈದ್ಯರ ಸಂಘವೂ ಸ್ಟೋಮಾ ದಾದಿಯರ ಸಂಘವೂ ಕೂಡಿ, ಮುಂಚಿತವಾಗಿ ಗೊತ್ತಾದ ಶಸ್ತ್ರಕ್ರಿಯೆಗಳಲ್ಲೆಲ್ಲ ರೋಗಿಯನ್ನು ಪರೀಕ್ಷಿಸಿ ಗುರುತು ಹಾಕತಕ್ಕದ್ದೆಂದು ಸಾರಿ ಹೇಳಿದುವು.

ಆದರೆ ಅಲ್ಲಿಯ ಪುಸ್ತಕಗಳು ಕುರ್ಚಿಯ ಮೇಲೆ ಕೂರುವವರಿಗಾಗಿಯೂ, ಪಟ್ಟಿ ಬಿಗಿದು ಷರಾಯಿ ತೊಡುವವರಿಗಾಗಿಯೂ ಬರೆದವು. ನಮ್ಮ ಲಾಡಿ, ಉಡಿದಾರ, ಡಾಬುಗಳು ಅವುಗಳಲ್ಲಿ ಇಲ್ಲ. ನೆಲದ ಮೇಲಿನ ಪಂಕ್ತಿ, ಒಳಕಲ್ಲಿನ ಮುಂದಿನ ಕೂರು, ನಾಟಿಗದ್ದೆಯ ಬಾಗು, ನಮಾಜಿಗೆ ಮಂಡಿಯೂರುವವರ ಬಾಗು—ಇವನ್ನು ನಾವೇ ಹೇಳಬೇಕು. ಹೇಳದಿದ್ದರೆ ವೈದ್ಯರಿಗೆ ತಿಳಿಯುವುದು ಹೇಗೆ? ಮಲಗಿರುವ ರೋಗಿಯನ್ನು ಮಾತ್ರ ಅವರು ಬಲ್ಲರು. ನಡೆದಾಡುವ ಮನುಷ್ಯನನ್ನು ಮನೆಯವರು ಬಲ್ಲರು.

ಶಸ್ತ್ರಕ್ರಿಯೆಯು ಸುಸೂತ್ರವಾಗಿ ನಡೆಯಿತು. ಕರುಳು ಮೊದಲನೆಯ ಗುರುತಿಗೇ ಎಟುಕಿತು. ಮೊದಲ ವಾರಗಳು ಸುಖದವೆಂದು ನಾವು ಹೇಳಲಾರೆವು. ಊದಿಕೊಂಡಿದ್ದ ಸ್ಟೋಮಾ ಇಳಿದು ತನ್ನ ಗಾತ್ರಕ್ಕೆ ಬರಲು ಆರೆಂಟು ವಾರ ಹಿಡಿಯುವುದರಿಂದ, ಆಗಾಗ್ಗೆ ಅಳೆದು ಪಟ್ಟಿಯ ತೂತನ್ನು ಕತ್ತರಿಸಬೇಕಾಗಿತ್ತು. ಎರಡು ಸಲ ಸೋರಿತು. ಸೋರಿದಾಗ ಅತ್ತಿಗೆಯವರು ಅತ್ತರು. ಆದರೆ ಅಂಟಿಸುವ ಕೆಲಸವನ್ನು ಎರಡನೆಯ ವಾರದಿಂದಲೇ ಬೇರೆಯವರಿಗೆ ಬಿಡದೆ ತಾವೇ ಮಾಡಿಕೊಂಡರು. ಚೀಲವು ಮೂರರಲ್ಲೊಂದು ಪಾಲು ತುಂಬಿದೊಡನೆ ಬರಿದುಮಾಡುವುದು, ಬರಿಯ ನೀರಿನಿಂದ ತೊಳೆದು ಚೆನ್ನಾಗಿ ಒರಸಿ ಒಣಗಿದ ಮೇಲೆ ಅಂಟಿಸುವುದು—ಇವು ಅಕ್ಕಿ ಆರಿಸುವಷ್ಟು ಸಹಜವಾದುವು. ಆ ವರ್ಷದ ಜಾತ್ರೆಯಲ್ಲಿ ಅವರು ರಥೋತ್ಸವವನ್ನು ನೋಡಿ, ದಾಸೋಹದ ಪಂಕ್ತಿಯಲ್ಲಿ ನಮ್ಮೆಲ್ಲರೊಡನೆ ನೆಲದ ಮೇಲೆ ಕುಳಿತು ಪ್ರಸಾದವನ್ನು ಸ್ವೀಕರಿಸಿದರು. ಪಕ್ಕದಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ. ಈಗ ಐದನೆಯ ವರ್ಷ ನಡೆಯುತ್ತಿದೆ. ಹೊಳೆಯಾಚೆಯ ಆ ಬಂಧುಗಳು ಅತ್ತಿಗೆಯವರನ್ನು ನೋಡಲು ಬಂದಾಗ, ಎಲ್ಲವನ್ನೂ ಕೇಳಿ, "ಎಡೆ ನಾಕು ಬೆರಳು ಮೇಲಿದ್ದಿದ್ರೆ ನಾನೂ ಮನೇಲೇ ಮಲಗ್ತಿದ್ದೆ" ಎಂದರು.

ಇನ್ನು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ. ಮಲದೊಡನೆ ರಕ್ತ ಬಿದ್ದರೆ ಮೂಲವ್ಯಾಧಿಯೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು. ಮನೆಯಲ್ಲಿ ಯಾರಿಗಾದರೂ ಸ್ಟೋಮಾ ಆಗಬೇಕಾಗಿ ಬಂದರೆ, ಶಸ್ತ್ರಕ್ರಿಯೆಗೆ ಮುಂಚೆ ಗುರುತನ್ನು ಯಾರು ಹಾಕುವರೆಂದು ಧೈರ್ಯವಾಗಿ ಕೇಳಬೇಕು. ತರಬೇತಾದ ದಾದಿಯು ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ. ಇಲ್ಲದ ಕಡೆಯಲ್ಲಿ ಶಸ್ತ್ರವೈದ್ಯರನ್ನೇ ಪ್ರಾರ್ಥಿಸಬೇಕು. ದಿನವೂ ಉಡುವ ಬಟ್ಟೆಯನ್ನು ಜೊತೆಯಲ್ಲಿ ಒಯ್ಯಬೇಕು. ಮಲಗಿ, ಕುಳಿತು, ನಿಂತು, ಬಾಗಿ ನೋಡದೆ ಎಡೆಯನ್ನು ಒಪ್ಪಬಾರದು. ಹಳೆಯ ಗಾಯದ ಕಲೆ, ಹೊಕ್ಕುಳು, ಮೂಳೆ, ಮಡಿಕೆ, ಲಾಡಿ—ಈ ಐದರಿಂದ ಅದು ದೂರವಿರಬೇಕು. ರೋಗಿಯ ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬೇಕು. ಗಾಲಿಕುರ್ಚಿಯಲ್ಲಿರುವವರನ್ನು ಆ ಕುರ್ಚಿಯಲ್ಲಿಯೇ ಕೂರಿಸಿ ನೋಡಬೇಕು. ಮಾಡುವ ಕಸುಬನ್ನು ಮರೆಮಾಡದೆ ಹೇಳಬೇಕು. ಸ್ಟೋಮಾ ಉಳ್ಳವರೇ ಸೇರಿ ನಡೆಸುವ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಘವು ಮುಂಬಯಿಯಲ್ಲಿದೆ. ಇದೇ ದಾರಿಯಲ್ಲಿ ನಡೆದುಬಂದವರೊಬ್ಬರೊಡನೆ ಮಾತಾಡಿದರೆ ಅರ್ಧ ಭಯವು ಅಲ್ಲಿಯೇ ಕಳೆಯುವುದು.

ಶಸ್ತ್ರವೈದ್ಯರ ಕೈಯಲ್ಲಿರುವ ಕತ್ತಿಯ ವಿಷಯದಲ್ಲಿ ನಾವು ಹೇಳತಕ್ಕುದೇನೂ ಇಲ್ಲ. ಅದು ಅವರ ವಿದ್ಯೆ. ಆದರೆ ಆ ಕತ್ತಿಗೆ ಮುಂಚೆ ಬರುವ ಮಸಿಯ ಗುರುತಿನಲ್ಲಿ ನಮ್ಮ ಪಾಲೂ ಉಂಟು. ಅದನ್ನು ಹಾಕುವುದಕ್ಕೆ ಬೇಕಾದುದು ಮುಕ್ಕಾಲು ಗಂಟೆ. ಅದರೊಡನೆ ಬಾಳಬೇಕಾದುದು ಒಂದು ಆಯುಷ್ಯ.